ಲಂಘನದ ಬೆಲೆ

ಮಂಜುಗಡ್ಡೆಯ ಮೇಲೆ ಉಕ್ಕಿನ ಅಲಗನ್ನೂರಿ ಜಾರುತ್ತಿರುವ ತರುಣನೊಬ್ಬನು ಒಮ್ಮೆಗೇ ನೆಲದ ಹಂಗು ತೊರೆದು ಮೇಲಕ್ಕೆದ್ದು, ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ, ಒಂಟಿಗಾಲಿನ ಮೇಲೆ ಹಿಮ್ಮುಖನಾಗಿ ಇಳಿಯುವುದಕ್ಕೆ ಹಿಡಿಯುವ ಕಾಲವು ಒಂದು ಸೆಕೆಂಡಿಗಿಂತಲೂ ಕಡಿಮೆ. ಅಷ್ಟು ಅಲ್ಪಕಾಲದಲ್ಲಿ ಅವನು ಅಲಗಿನ ಯಾವ ಅಂಚಿನಿಂದ ಎದ್ದನು, ಎಷ್ಟು ಸುತ್ತು ತಿರುಗಿದನು, ಕಡೆಯ ಸುತ್ತಿನ ಕೊನೆಯ ಪಾಲನ್ನು ಗಾಳಿಯಲ್ಲಿ ಮುಗಿಸಿದನೋ ಮಂಜಿನ ಮೇಲೆ ಮುಗಿಸಿದನೋ, ಇಳಿದ ಕಾಲು ಅಲುಗಿತೋ ಇಲ್ಲವೋ ಎಂಬುದನ್ನೆಲ್ಲ ಅಂಗಣದ ಅಂಚಿನಲ್ಲಿ ಕುಳಿತವರು ಕಂಡು, ತೂಗಿ, ಅಂಕಗಳಲ್ಲಿ ಹೇಳಬೇಕು. ಪುರುಷರ ಫಿಗರ್ ಸ್ಕೇಟಿಂಗ್ ಸ್ಪರ್ಧೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಜಿಗಿದವರ ಹೆಸರುಗಳನ್ನು ಹೇಳಿ ತೃಪ್ತರಾಗುತ್ತಾರೆ. ಆದರೆ ಅಳೆದವರ ಚರಿತ್ರೆಯನ್ನು ಬದಿಗಿಟ್ಟು ಜಿಗಿದವರ ಚರಿತ್ರೆಯನ್ನು ಅರಿಯಲಾಗದೆಂಬುದು ನನ್ನ ಅಭಿಪ್ರಾಯ. ಯಾವ ಕಾಲದಲ್ಲಿ ಅಳೆಯುವವರು ಯಾವುದಕ್ಕೆ ಬೆಲೆ ಕಟ್ಟಿದರೋ ಆ ಕಾಲದ ತರುಣರು ಅದನ್ನೇ ಸಾಧಿಸಿದರು. ಬೆಲೆ ದೊರೆಯದುದನ್ನು, ಅದೆಷ್ಟೇ ಸಾಹಸದ್ದಾಗಿದ್ದರೂ, ಬಹುಮಟ್ಟಿಗೆ ತೊರೆದರು.

ಈ ಕ್ರೀಡೆಯ ಶೈಶವದಲ್ಲಿ ಜಿಗಿತಕ್ಕೆ ಹೇಳಿಕೊಳ್ಳುವಂಥ ಸ್ಥಾನವೇ ಇರಲಿಲ್ಲವೆಂದರೆ ದೂರದರ್ಶನದಲ್ಲಿ ಒಲಿಂಪಿಕ್ಸ್ ಕಾಣುವ ಈಗಿನವರಿಗೆ ಆಶ್ಚರ್ಯವಾದೀತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಭ್ಯ ಗೃಹಸ್ಥರು ಮೈಯನ್ನು ನೆಟ್ಟಗೆ ನಿಲ್ಲಿಸಿ, ತೋಳುಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಮಂಜುಗಡ್ಡೆಯ ಮೇಲೆ ಗಂಭೀರವಾಗಿ ವೃತ್ತಗಳನ್ನು ಕೊರೆಯುವುದನ್ನೇ ಕಲೆಯೆಂದು ಭಾವಿಸಿದ್ದರು. ಆ ಬಿಗುಪನ್ನು ಸಡಿಲಿಸಿದವನು ಜಾಕ್ಸನ್ ಹೇನ್ಸ್ ಎಂಬ ಅಮೆರಿಕದ ನರ್ತಕ. ಸ್ವದೇಶದಲ್ಲಿ ಮನ್ನಣೆ ದೊರೆಯದೆ 1860ರ ದಶಕದಲ್ಲಿ ಯುರೋಪಿಗೆ ಬಂದ ಈತನು ವಿಯೆನ್ನಾ ನಗರದಲ್ಲಿ ಸಂಗೀತದ ಲಯಕ್ಕೆ ಅನುಸಾರವಾಗಿ ಜಾರುತ್ತ, ತಿರುಗುತ್ತ, ಕುಳಿತೆದ್ದು ಸುತ್ತುತ್ತ ಜನರನ್ನು ಮರುಳುಗೊಳಿಸಿದನು. 1875ರಲ್ಲಿ ಫಿನ್ಲೆಂಡಿನಲ್ಲಿ ಅವನು ತೀರಿಕೊಂಡ ಮೇಲೂ ವಿಯೆನ್ನಾದವರು ಆ ಶೈಲಿಯನ್ನು ಬಿಡಲಿಲ್ಲ. 1882ರಲ್ಲಿ ಅದೇ ನಗರದಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ಆಕ್ಸೆಲ್ ಪಾಲ್ಸನ್ ಎಂಬ ನಾರ್ವೆಯವನು ಮುಂದಕ್ಕೆ ಮುಖಮಾಡಿ ಎದ್ದು, ಒಂದೂವರೆ ಸುತ್ತು ತಿರುಗಿ, ಹಿಂದಕ್ಕೆ ಜಾರುತ್ತ ಇಳಿದನು. ಆತನಿಗೆ ಆ ಸ್ಪರ್ಧೆಯಲ್ಲಿ ದೊರೆತದ್ದು ಮೂರನೆಯ ಸ್ಥಾನ. ಆದರೆ ಅವನ ಹೆಸರನ್ನೇ ಹೊತ್ತ ಆ ಜಿಗಿತವು ಇಂದಿಗೂ ಆರು ಜಿಗಿತಗಳಲ್ಲಿ ಕಠಿನತಮವಾದದ್ದೆಂದು ಎಣಿಸಲ್ಪಡುತ್ತಿದೆ. ಮೊದಲನೆಯ ಮತ್ತು ಎರಡನೆಯ ಸ್ಥಾನ ಪಡೆದವರನ್ನು ಇತಿಹಾಸಜ್ಞರು ಮಾತ್ರ ಬಲ್ಲರು.

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ನೆದರ್ಲೆಂಡ್ಸಿನ ಸ್ಖೆವೆನಿಂಗೆನ್ ಎಂಬ ಕಡಲತೀರದ ಊರಿನಲ್ಲಿ 1892ರಲ್ಲಿ ಹುಟ್ಟಿತು. ನಾಲ್ಕು ವರ್ಷಗಳ ತರುವಾಯ, 1896ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಮೊದಲನೆಯ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಸ್ಪರ್ಧಿಸಿದವರು ನಾಲ್ವರು. ಗೆದ್ದವನು ಜರ್ಮನಿಯ ಗಿಲ್ಬರ್ಟ್ ಫುಕ್ಸ್. ಸ್ಪರ್ಧೆಯ ದೊಡ್ಡ ಪಾಲು ಕಡ್ಡಾಯ ಆಕೃತಿಗಳದ್ದಾಗಿದ್ದಿತು. ಸಂಗೀತದೊಡನೆ ಮಾಡುವ ಸ್ವತಂತ್ರ ಪ್ರದರ್ಶನದ್ದು ಸಣ್ಣ ಪಾಲು. ಎಂಟರ ಆಕಾರವನ್ನು ಮೂಲವಾಗಿಟ್ಟುಕೊಂಡು ರಚಿಸಿದ ನಾನಾ ಆಕೃತಿಗಳನ್ನು ಸ್ಪರ್ಧಿಯು ಒಂದೇ ಕಾಲಿನ ಮೇಲೆ, ತನ್ನ ಅಲಗಿನಿಂದ, ಶುಭ್ರವಾದ ಮಂಜಿನ ಮೇಲೆ ಕೊರೆಯಬೇಕು. ಮತ್ತೆ ಅದೇ ಗೆರೆಯ ಮೇಲೆ ಅಲಗನ್ನು ನಡೆಸಬೇಕು. ಒಮ್ಮೆ ಎಳೆದ ರಂಗೋಲಿಯ ಎಳೆಯ ಮೇಲೆಯೇ ಕೈತಪ್ಪದೆ ಎರಡನೆಯ ಸಲವೂ ಮೂರನೆಯ ಸಲವೂ ಎಳೆಯುವ ಗೃಹಿಣಿಯ ನಿಗ್ರಹವು ಇಲ್ಲಿ ಕಾಲಿಗೆ ಬೇಕಾಗಿದ್ದಿತು. ಸ್ಪರ್ಧಿಯು ಮುಗಿಸಿ ಸರಿದ ಮೇಲೆ ನಿರ್ಣಾಯಕರು ಮಂಜಿನ ಮೇಲಕ್ಕೆ ನಡೆದು ಬಂದು, ಬಾಗಿ, ಗೆರೆಗಳನ್ನು ಪರೀಕ್ಷಿಸುವರು. ವೃತ್ತವು ಚಪ್ಪಟೆಯಾಗಿದೆಯೆ, ತಿರುವಿನಲ್ಲಿ ಅಂಚು ಬದಲಾಗಿದೆಯೆ, ಎರಡು ಎಳೆಗಳು ಎಲ್ಲಿ ಅಗಲಿದುವು ಎಂಬುದೆಲ್ಲ ಅವರ ಕಣ್ಣೆದುರಿಗೆ ಬಿದ್ದಿರುವುದು. ಆ ಕಾಲದ ತೀರ್ಪಿನಲ್ಲಿ ಪಕ್ಷಪಾತವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ; ಆದರೆ ತೀರ್ಪಿಗೆ ಒಂದು ಸಾಕ್ಷಿ ಇದ್ದಿತು, ಸಂದೇಹಪಟ್ಟವನು ಬೆರಳು ಮಾಡಿ ತೋರಿಸಬಹುದಾದ ಸಾಕ್ಷಿ. ಜಿಗಿತವಾದರೋ ಯಾವ ಕುರುಹನ್ನೂ ಉಳಿಸುವುದಿಲ್ಲ. ಎದ್ದೆಡೆಯಲ್ಲಿ ಒಂದು ಗೀರು, ಇಳಿದೆಡೆಯಲ್ಲಿ ಇನ್ನೊಂದು. ನಡುವೆ ನಡೆದುದಕ್ಕೆ ನೋಡಿದವನ ನೆನಪೊಂದೇ ಆಧಾರ. ಈ ಕ್ರೀಡೆಯ ಮುಂದಿನ ಜಗಳಗಳೆಲ್ಲ ಈ ಒಂದು ಕೊರತೆಯ ಸುತ್ತಲೇ ಸುತ್ತಿವೆ.

ಆ ಯುಗದ ಚಕ್ರವರ್ತಿಯೆಂದರೆ ಸ್ವೀಡನ್ನಿನ ಉಲ್ರಿಕ್ ಸಾಲ್‌ಕೋವ್. 1901ರಿಂದ 1911ರೊಳಗೆ ಹತ್ತು ಸಲ ವಿಶ್ವವಿಜೇತನಾದ ಈತನು 1908ರ ಲಂಡನ್ ಒಲಿಂಪಿಕ್ಸಿನಲ್ಲಿಯೂ ಸ್ವರ್ಣ ಪಡೆದನು. ಅಲ್ಲಿ ಅವನ ಪ್ರತಿಸ್ಪರ್ಧಿಯಾಗಿದ್ದ ರಷ್ಯದ ನಿಕೊಲಾಯ್ ಪಾನಿನ್ ಕಡ್ಡಾಯ ಆಕೃತಿಗಳ ತೀರ್ಪಿನಿಂದ ಅಸಮಾಧಾನಗೊಂಡು, ಸ್ವತಂತ್ರ ಪ್ರದರ್ಶನಕ್ಕೆ ಇಳಿಯದೆ ಹಿಂದೆ ಸರಿದನು; ವಿಶೇಷ ಆಕೃತಿಗಳ ಸ್ಪರ್ಧೆಯಲ್ಲಿ ಮಾತ್ರ ನಿಂತು, ಜಟಿಲವಾದ ಚಿತ್ತಾರಗಳನ್ನು ಕೊರೆದು ಸ್ವರ್ಣ ಗೆದ್ದನು. ಆ ಸ್ಪರ್ಧೆಯು ಒಲಿಂಪಿಕ್ಸಿನಲ್ಲಿ ಅದೊಂದು ಸಲ ನಡೆದು ನಿಂತುಹೋಯಿತು. ಸಾಲ್‌ಕೋವ್ 1909ರಲ್ಲಿ ತನ್ನ ಹೆಸರಿನ ಜಿಗಿತವನ್ನು ಸ್ಪರ್ಧೆಯಲ್ಲಿ ತೋರಿಸಿದನು. ಒಂದು ಕಾಲಿನ ಹಿಮ್ಮುಖದ ಒಳ ಅಂಚಿನಿಂದ ಎದ್ದು ಇನ್ನೊಂದು ಕಾಲಿನ ಮೇಲೆ ಇಳಿಯುವುದು ಅದರ ಲಕ್ಷಣ. ಮರುವರ್ಷ ಜರ್ಮನಿಯ ವೆರ್ನರ್ ರಿಟ್‌ಬರ್ಗರ್ ಹೊರ ಅಂಚಿನಿಂದ ಎದ್ದು ಅದೇ ಕಾಲಿನ ಮೇಲೆ ಇಳಿಯುವ ಲೂಪ್ ಜಿಗಿತವನ್ನು ತಂದನು. 1913ರಲ್ಲಿ ಆಸ್ಟ್ರಿಯದ ಅಲೋಯಿಸ್ ಲುಟ್ಸ್ ಜಾರುವ ವಕ್ರರೇಖೆಗೆ ವಿರುದ್ಧವಾದ ದಿಕ್ಕಿನಲ್ಲಿ ತಿರುಗುವ ಜಿಗಿತವನ್ನು ಮಾಡಿ ತೋರಿಸಿದನು. ಅಲಗಿನ ಮುಂತುದಿಯ ಹಲ್ಲುಗಳನ್ನು ಮಂಜಿಗೆ ಕುಟ್ಟಿ ಎದ್ದೇಳುವ ಟೋ ಲೂಪ್ ಮತ್ತು ಫ್ಲಿಪ್ ಎಂಬ ಎರಡನ್ನು ಇವುಗಳೊಡನೆ ಸೇರಿಸಿದರೆ ಇಂದು ಲೆಕ್ಕಕ್ಕೆ ಬರುವ ಆರೂ ಜಿಗಿತಗಳಾದುವು. ನೋಡುಗರಿಗೆ ಆರೂ ಒಂದೇ ತೆರನಾಗಿ ಕಾಣುವುವು. ಇಳಿಯುವ ರೀತಿ ಎಲ್ಲಕ್ಕೂ ಒಂದೇ ಆಗಿ, ಭೇದವೆಲ್ಲ ಏಳುವ ಕ್ಷಣದಲ್ಲಿ ಅಡಗಿರುವುದೇ ಅದಕ್ಕೆ ಕಾರಣ. ಲುಟ್ಸ್ ಹೊರ ಅಂಚಿನದು, ಫ್ಲಿಪ್ ಒಳ ಅಂಚಿನದು. ಎರಡಕ್ಕೂ ನಡುವಿನ ಅಂತರವು ಕಾಲಿನ ಮಣಿಗಂಟಿನ ಒಂದು ಓರೆಯಷ್ಟೇ. ಲುಟ್ಸಿಗೆಂದು ಹೊರಟವನು ಕಡೆಯ ಗಳಿಗೆಯಲ್ಲಿ ಒಳ ಅಂಚಿಗೆ ವಾಲಿಬಿಟ್ಟರೆ ಅವನು ಮಾಡಿದುದು ಲುಟ್ಸೂ ಅಲ್ಲ, ಫ್ಲಿಪ್ಪೂ ಅಲ್ಲ. ಈ ಜಾರಿಕೆಯನ್ನು ಹಳೆಯ ನಿರ್ಣಾಯಕರು ಕಂಡರೂ ಕಾಣದಂತಿದ್ದರು. ಬಹುಕಾಲದವರೆಗೆ ಅದಕ್ಕೆ ಖಚಿತವಾದ ದಂಡವೇ ಇರಲಿಲ್ಲ.

ಅಂಕಪದ್ಧತಿಯು ಮೇಲ್ನೋಟಕ್ಕೆ ಸರಳವಾಗಿದ್ದಿತು. ಸೊನ್ನೆಯಿಂದ ಆರರವರೆಗೆ ಅಂಕಗಳು, ಆರೆಂದರೆ ನಿರ್ದೋಷ. ಪ್ರದರ್ಶನದ ಸತ್ತ್ವಕ್ಕೆ ಒಂದು ಅಂಕ, ಅದರ ರೀತಿಗೆ ಮತ್ತೊಂದು. ಇವೇ ಮುಂದೆ ತಾಂತ್ರಿಕ ಅರ್ಹತೆ ಮತ್ತು ಕಲಾತ್ಮಕ ಪರಿಣಾಮ ಎಂಬ ಹೆಸರುಗಳನ್ನು ತಾಳಿದುವು. ಆದರೆ ಜನರು ಅಂಕವೆಂದು ಕಂಡುದು ನಿಜವಾಗಿ ಅಂಕವಾಗಿರಲಿಲ್ಲ. ಒಬ್ಬ ನಿರ್ಣಾಯಕನು 5.9 ಕೊಟ್ಟನೋ 5.2 ಕೊಟ್ಟನೋ ಎಂಬುದು ಮುಖ್ಯವಲ್ಲ. ಆ ಅಂಕದಿಂದ ಸ್ಪರ್ಧಿಯು ಅವನ ಪಟ್ಟಿಯಲ್ಲಿ ಎಷ್ಟನೆಯವನಾದನು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತಿತ್ತು, ಮತ್ತು ಬಹುಮಂದಿ ನಿರ್ಣಾಯಕರು ಯಾರನ್ನು ಮೊದಲನೆಯವನೆಂದರೋ ಅವನೇ ಗೆದ್ದವನು. ಆದಕಾರಣ ಮೊದಲಿಗೆ ಅಂಗಣಕ್ಕೆ ಇಳಿದ ದುರದೃಷ್ಟಶಾಲಿಯು ಎಷ್ಟೇ ಚೆನ್ನಾಗಿ ಜಿಗಿದರೂ, ಮುಂದೆ ಬರುವವರಿಗೆ ಸ್ಥಳ ಉಳಿಸಬೇಕಾದ ನಿರ್ಣಾಯಕನು ಅವನಿಗೆ ಕೈಬಿಗಿಹಿಡಿದು ಅಂಕ ಕೊಡುತ್ತಿದ್ದನು. ಮೂರು ಸುತ್ತಿನ ತ್ರಿವಳಿ ಜಿಗಿತವೊಂದು ಎರಡು ಸುತ್ತಿನ ದ್ವಿವಳಿಗಿಂತ ಎಷ್ಟು ಪಾಲು ಮೇಲು ಎಂದು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ; ಅದು ನಿರ್ಣಾಯಕನ ಮನಸ್ಸಿನಲ್ಲಿದ್ದಿತು, ಮತ್ತು ಮನಸ್ಸು ಹಲವೊಮ್ಮೆ ತಾಯ್ನಾಡಿನ ಕಡೆಗೆ ವಾಲುತ್ತಿತ್ತು. 1927ರಲ್ಲಿ ಓಸ್ಲೋದಲ್ಲಿ ನಡೆದ ಮಹಿಳೆಯರ ವಿಶ್ವಸ್ಪರ್ಧೆಯಲ್ಲಿ ಐವರು ನಿರ್ಣಾಯಕರ ಪೈಕಿ ಮೂವರು ನಾರ್ವೆಯವರೇ ಆಗಿದ್ದು, ಆ ಮೂವರ ಬಲದಿಂದಲೇ ನಾರ್ವೆಯ ಸೋನ್ಯಾ ಹೆನಿ ಗೆದ್ದಾಗ ಎದ್ದ ಗದ್ದಲದಿಂದ, ಒಂದು ದೇಶಕ್ಕೆ ಒಬ್ಬನೇ ನಿರ್ಣಾಯಕನೆಂಬ ನಿಯಮವು ಹುಟ್ಟಿತು. ಆಗ ಒಕ್ಕೂಟದ ಅಧ್ಯಕ್ಷನಾಗಿದ್ದವನು ಆ ಸಾಲ್‌ಕೋವನೇ.

ಎರಡನೆಯ ಮಹಾಯುದ್ಧದ ತರುವಾಯ ಜಿಗಿತದ ಯುಗವು ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದಿತು. 1948ರಲ್ಲಿ ಸೇಂಟ್ ಮೊರಿಟ್ಸಿನ ಒಲಿಂಪಿಕ್ಸಿಗೆ ಬಂದ ಅಮೆರಿಕದ ಡಿಕ್ ಬಟನ್ ಎಂಬ ಹದಿನೆಂಟರ ಹುಡುಗನು ಎರಡೂವರೆ ಸುತ್ತಿನ ಡಬಲ್ ಆಕ್ಸೆಲ್ ಜಿಗಿತವನ್ನು ಸ್ಪರ್ಧೆಯ ಹಿಂದಿನ ದಿನವಷ್ಟೇ ಅಭ್ಯಾಸದಲ್ಲಿ ಮೊದಲ ಬಾರಿಗೆ ಸಾಧಿಸಿ, ಮರುದಿನ ಧೈರ್ಯವಾಗಿ ಸ್ಪರ್ಧೆಯಲ್ಲಿಯೂ ಮಾಡಿ ಸ್ವರ್ಣ ಗೆದ್ದನು. 1952ರಲ್ಲಿ ಓಸ್ಲೋದಲ್ಲಿ ಮೂರು ಸುತ್ತಿನ ಲೂಪನ್ನು ಮಾಡಿ ಮತ್ತೊಮ್ಮೆ ಗೆದ್ದನು. ಸ್ಪರ್ಧೆಯಲ್ಲಿ ಮೂರು ಸುತ್ತು ತಿರುಗಿದವರಲ್ಲಿ ಅವನೇ ಮೊದಲಿಗನು. ಅಲ್ಲಿಂದ ಹತ್ತು ವರ್ಷಕ್ಕೆ, 1962ರಲ್ಲಿ, ಪ್ರಾಗ್ ನಗರದ ವಿಶ್ವಸ್ಪರ್ಧೆಯಲ್ಲಿ ನಡೆದುದು ಈ ಕ್ರೀಡೆಯ ಪುರಾಣಕಥೆಗಳಲ್ಲಿ ಸೇರಿಹೋಗಿದೆ. ಆ ದೇಶದವನೇ ಆದ ಕಾರೋಲ್ ದಿವೀನ್ ಕಡ್ಡಾಯ ಆಕೃತಿಗಳಲ್ಲಿ ಬಹಳ ಮುಂದೆ ಹೋಗಿದ್ದನು. ಕೆನಡದ ಡೊನಾಲ್ಡ್ ಜಾಕ್ಸನ್ ಅವನನ್ನು ಹಿಡಿಯಬಲ್ಲನೆಂದು ಯಾರೂ ನಂಬಿರಲಿಲ್ಲ. ಜಾಕ್ಸನ್ ತನ್ನ ಸ್ವತಂತ್ರ ಪ್ರದರ್ಶನದಲ್ಲಿ ಮೂರು ಸುತ್ತಿನ ಲುಟ್ಸನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ಸ್ಪರ್ಧೆಯಲ್ಲಿ ಸಾಧಿಸಿ, ಏಳು ಪೂರ್ಣಾಂಕ ಆರುಗಳನ್ನು ಪಡೆದು, ದಿವೀನನ ನೆಲದಲ್ಲಿಯೇ ಅವನನ್ನು ಹಿಂದೆ ಹಾಕಿದನು. ಕುರುಹಿಲ್ಲದ ಜಿಗಿತವು ಕುರುಹುಳ್ಳ ಗೆರೆಯನ್ನು ಸೋಲಿಸಬಹುದೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಗೆರೆಗಳ ಕಾಲವು ಮೆಲ್ಲನೆ ಮುಗಿಯಿತು. ಮೊದಲು ನೂರಕ್ಕೆ 60 ಪಾಲಿದ್ದ ಕಡ್ಡಾಯ ಆಕೃತಿಗಳ ತೂಕವನ್ನು ತಗ್ಗಿಸಿದರು. 1973ರಲ್ಲಿ ನಿಯತವಾದ ಜಿಗಿತಗಳನ್ನೂ ತಿರುಗಣೆಗಳನ್ನೂ ಒಳಗೊಂಡ ಕಿರುಪ್ರದರ್ಶನವನ್ನು ಸೇರಿಸಿ ಇನ್ನೂ ತಗ್ಗಿಸಿದರು. 1990ರ ಹ್ಯಾಲಿಫ್ಯಾಕ್ಸ್ ವಿಶ್ವಸ್ಪರ್ಧೆಯ ತರುವಾಯ ಅವನ್ನು ತೆಗೆದೇಹಾಕಿದರು. ದೂರದರ್ಶನದ ಪ್ರೇಕ್ಷಕರಿಗೆ ಗಂಟೆಗಟ್ಟಲೆ ಗೆರೆ ಕೊರೆಯುವುದನ್ನು ನೋಡುವ ತಾಳ್ಮೆ ಇರಲಿಲ್ಲವೆಂಬುದು ನಿಜವಾದ ಕಾರಣ. ಬೇರೆ ಕಾರಣಗಳನ್ನು ಅದರ ಮೇಲೆ ಹೊದಿಸಿದರು.

ಈ ನಡುವೆ ನಾಲ್ಕು ಸುತ್ತಿನ ಜಿಗಿತದ ಬೆನ್ನುಹತ್ತಿದವರ ಕಥೆಯು ಕುರುಹಿಲ್ಲದುದನ್ನು ಅಳೆಯುವ ಕಷ್ಟಕ್ಕೆ ಬೇರೊಂದು ನಿದರ್ಶನವಾಗಿದೆ. 1986ರಲ್ಲಿ ಕೋಪನ್‌ಹೇಗನ್ನಿನ ಯುರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ಚೆಕೊಸ್ಲೊವಾಕಿಯದ ಯೋಜೆಫ್ ಸಬೋವ್‌ಚೀಕ್ ನಾಲ್ಕು ಸುತ್ತಿನ ಟೋ ಲೂಪ್ ಮಾಡಿ ಪ್ರಶಸ್ತಿಯನ್ನೂ ಗೆದ್ದನು; ಜಗತ್ತಿನ ಮೊದಲನೆಯದೆಂದು ಅದನ್ನು ಒಪ್ಪಿಕೊಂಡೂ ಆಯಿತು. ಕೆಲವು ವಾರಗಳ ಮೇಲೆ, ಇಳಿಯುವಾಗ ಅವನ ಇನ್ನೊಂದು ಕಾಲು ಮಂಜಿಗೆ ತಗಲಿತ್ತೆಂದು ಹೇಳಿ ಆ ಮಾನ್ಯತೆಯನ್ನು ಹಿಂದೆಗೆದುಕೊಂಡರು. 1988ರ ಮಾರ್ಚ್ 25ರಂದು ಬುಡಾಪೆಸ್ಟಿನ ವಿಶ್ವಸ್ಪರ್ಧೆಯಲ್ಲಿ ಕೆನಡದ ಕರ್ಟ್ ಬ್ರೌನಿಂಗ್ ಅದೇ ಜಿಗಿತವನ್ನು ಮಾಡಿ, ಮೊದಲಿಗನೆಂಬ ಕೀರ್ತಿಗೆ ಭಾಜನನಾದನು. ಆ ಸ್ಪರ್ಧೆಯಲ್ಲಿ ಬ್ರೌನಿಂಗನಿಗೆ ದೊರೆತದ್ದು ಆರನೆಯ ಸ್ಥಾನ. ಅದೇ ವರ್ಷದ ಕ್ಯಾಲ್ಗರಿ ಒಲಿಂಪಿಕ್ಸಿನಲ್ಲಿ ಅಮೆರಿಕದ ಬ್ರಯನ್ ಬೊಯ್ಟಾನೊ ಕೆನಡದ ಬ್ರಯನ್ ಆರ್ಸರನನ್ನು ನಾಲ್ವರ ವಿರುದ್ಧ ಐವರು ನಿರ್ಣಾಯಕರ ಮತದಿಂದ ಸೋಲಿಸಿದ್ದನು. ಆರ್ಸರನು ತನ್ನ ಪ್ರದರ್ಶನದ ಕೊನೆಯಲ್ಲಿ ಯೋಜಿಸಿದ್ದ ತ್ರಿವಳಿ ಆಕ್ಸೆಲನ್ನು ಬಿಟ್ಟು ದ್ವಿವಳಿಯನ್ನು ಮಾಡಿದ್ದನು. ಒಂದು ಸುತ್ತನ್ನು ಕೈಬಿಟ್ಟುದಕ್ಕೆ ತೆತ್ತ ಬೆಲೆ ಎಷ್ಟೆಂದು ಹೇಳಬಲ್ಲ ಪಟ್ಟಿಯೊಂದು ಅಂದು ಇದ್ದಿದ್ದರೆ ಆ ವಾದವು ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. ಪಟ್ಟಿ ಇಲ್ಲದ ಕಾರಣ ಇಂದಿಗೂ ನಡೆಯುತ್ತಿದೆ. 1990ರ ದಶಕದಲ್ಲಿ ಎಲ್ವಿಸ್ ಸ್ಟೊಯ್ಕೊ ನಾಲ್ಕು ಸುತ್ತಿನದಕ್ಕೆ ಮೂರು ಸುತ್ತಿನದನ್ನು ಪೋಣಿಸಿದನು. ಅಮೆರಿಕದ ತಿಮೊತಿ ಗೇಬಲ್ 1998ರಲ್ಲಿ ಸಾಲ್‌ಕೋವನ್ನು ನಾಲ್ಕು ಸುತ್ತಿಗೆ ಏರಿಸಿದನು.

ಹಳೆಯ ಪದ್ಧತಿಯ ದೋಷಗಳು ಒಂದೊಂದಾಗಿ ಬಯಲಾಗುತ್ತಿದ್ದುವು. 1982ರಲ್ಲಿ ಎಲೇನ್ ಜಯಾಕ್ ಎಂಬ ಅಮೆರಿಕದ ತರುಣಿಯು ಸುಲಭವಾದ ಟೋ ಲೂಪನ್ನೇ ಮತ್ತೆ ಮತ್ತೆ ಮೂರು ಸುತ್ತಿನಲ್ಲಿ ಮಾಡಿ ವಿಶ್ವವಿಜೇತೆಯಾದಾಗ, ಒಂದೇ ತ್ರಿವಳಿಯನ್ನು ಎರಡಕ್ಕಿಂತ ಹೆಚ್ಚು ಸಲ ಮಾಡಕೂಡದು, ಎರಡು ಸಲ ಮಾಡಿದರೆ ಅವುಗಳಲ್ಲಿ ಒಂದನ್ನು ಬೇರೊಂದು ಜಿಗಿತದೊಡನೆ ಜೋಡಿಸಿಯೇ ಮಾಡಬೇಕು ಎಂಬ ನಿಯಮವನ್ನು ಪುರುಷರಿಗೂ ಮಹಿಳೆಯರಿಗೂ ವಿಧಿಸಿದರು. 1997ರ ಯುರೋಪಿಯನ್ ಸ್ಪರ್ಧೆಯಲ್ಲಿ, ಆಗಲೇ ಜಾರಿ ಮುಗಿಸಿ ಕುಳಿತಿದ್ದ ಇಬ್ಬರು ಪುರುಷರ ಸ್ಥಾನಗಳು ಅವರ ಬಳಿಕ ಬಂದ ಮೂರನೆಯವನ ಅಂಕಗಳಿಂದ ತಲೆಕೆಳಗಾದುವು. ಸ್ಥಾನಗಳನ್ನೇ ಎಣಿಸುವ ಗಣಿತಕ್ಕೆ ಇದು ಸಹಜವೇ ಆಗಿದ್ದರೂ ಸಾಮಾನ್ಯ ಪ್ರೇಕ್ಷಕನಿಗೆ ಅದನ್ನು ವಿವರಿಸುವುದು ಯಾರಿಂದಲೂ ಆಗಲಿಲ್ಲ. ಮರುವರ್ಷ ಎಣಿಕೆಯ ಕ್ರಮವನ್ನು ಬದಲಾಯಿಸಿದರು. ಕಡೆಯ ಪೆಟ್ಟು ಬಿದ್ದುದು 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸಿನಲ್ಲಿ, ಪುರುಷರ ಸ್ಪರ್ಧೆಯಿಂದಲ್ಲ, ಜೋಡಿಗಳ ಸ್ಪರ್ಧೆಯಿಂದ. ತನ್ನ ದೇಶದ ಒಕ್ಕೂಟದವರ ಒತ್ತಾಯಕ್ಕೆ ಒಳಗಾಗಿ ರಷ್ಯದ ಜೋಡಿಗೆ ಮತ ಕೊಟ್ಟೆನೆಂದು ಫ್ರಾನ್ಸಿನ ನಿರ್ಣಾಯಕಿಯು ಹೇಳಿದ ಮಾತು ಹೊರಬಿದ್ದು (ಆಕೆಯೇ ಮುಂದೆ ಅದನ್ನು ಅಲ್ಲಗಳೆದರೂ) ಕೆನಡದ ಜೋಡಿಗೆ ಎರಡನೆಯ ಸ್ವರ್ಣವನ್ನು ಕೊಟ್ಟು ಗದ್ದಲವನ್ನು ತಣಿಸಬೇಕಾಯಿತು. ಎರಡು ವರ್ಷಗಳಲ್ಲಿ, 2004ರಲ್ಲಿ, ಆರು ಅಂಕಗಳ ಪದ್ಧತಿಗೆ ಮಂಗಳ ಹಾಡಿದರು.

ಹೊಸ ಪದ್ಧತಿಯ ಹೃದಯವು ಒಂದು ಬೆಲೆಪಟ್ಟಿ. ಪ್ರತಿಯೊಂದು ಜಿಗಿತಕ್ಕೂ, ಅದರ ಪ್ರತಿಯೊಂದು ಸುತ್ತಿನ ಸಂಖ್ಯೆಗೂ ಮೊದಲೇ ಗೊತ್ತುಮಾಡಿದ ಮೂಲಬೆಲೆ ಇರುತ್ತದೆ. ಸ್ಪರ್ಧಿಯು ಮಾಡಿದುದು ಏನೆಂದು ಹೇಳುವ ಅಧಿಕಾರವನ್ನು ನಿರ್ಣಾಯಕರಿಂದ ತೆಗೆದು ಪ್ರತ್ಯೇಕವಾದ ತಾಂತ್ರಿಕ ಮಂಡಲಿಗೆ ಒಪ್ಪಿಸಿದರು; ಆ ಮಂಡಲಿಯ ತಜ್ಞರಲ್ಲಿ ಹಿಂದೆ ಸ್ವತಃ ಸ್ಪರ್ಧಿಸಿದವರು ಅನೇಕರು. ಜಿಗಿತದ ಹೆಸರನ್ನೂ ಸುತ್ತುಗಳ ಸಂಖ್ಯೆಯನ್ನೂ ಏಳುವ ಅಂಚನ್ನೂ ಅವರು ಗುರುತಿಸುತ್ತಾರೆ, ಸಂದೇಹ ಬಂದರೆ ವಿಡಿಯೊವನ್ನು ನಿಧಾನಗತಿಯಲ್ಲಿ ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ನಿರ್ಣಾಯಕರಿಗೆ ಉಳಿದ ಕೆಲಸವು ಆ ಜಿಗಿತವು ಎಷ್ಟು ಸೊಗಸಾಗಿತ್ತು, ಎಷ್ಟು ಎತ್ತರವಾಗಿತ್ತು, ಇಳಿದ ಮೇಲೆ ವೇಗ ಉಳಿಯಿತೆ ಎಂಬುದನ್ನು ನೋಡಿ ಮೂಲಬೆಲೆಗೆ ಕೂಡಿಸುವುದು ಇಲ್ಲವೆ ಅದರಿಂದ ಕಳೆಯುವುದು, ಮತ್ತು ಸಂಗೀತ, ಸಂಯೋಜನೆ, ಜಾರುವ ಕೌಶಲಗಳಿಗೆ ಬೇರೆಯಾಗಿ ಅಂಕ ಕೊಡುವುದು. ಅತ್ಯಧಿಕವಾದುದನ್ನೂ ಅತ್ಯಲ್ಪವಾದುದನ್ನೂ ತೆಗೆದು ಮಿಕ್ಕವುಗಳ ಸರಾಸರಿಯನ್ನು ಹಿಡಿಯುತ್ತಾರೆ. ಹೆಸರಿಡುವವನೂ ಮೆಚ್ಚುವವನೂ ಬೇರೆಬೇರೆಯವರಾದುದು ಈ ಕ್ರೀಡೆಯ ನ್ಯಾಯಪದ್ಧತಿಯಲ್ಲಿ ಆದ ಅತ್ಯುತ್ತಮ ಸುಧಾರಣೆಯೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು. ಕಡ್ಡಾಯ ಆಕೃತಿಗಳೊಡನೆ ಕಳೆದುಹೋಗಿದ್ದ ಸಾಕ್ಷಿಯು ವಿಡಿಯೊದ ರೂಪದಲ್ಲಿ ಮತ್ತೆ ಬಂದಿತು. ಅದೇ ಕಾಲದಲ್ಲಿ ಯಾವ ಅಂಕವನ್ನು ಯಾವ ನಿರ್ಣಾಯಕನು ಕೊಟ್ಟನೆಂಬುದನ್ನು ಮುಚ್ಚಿಟ್ಟದ್ದು ಮಾತ್ರ ವಿಚಿತ್ರವಾದ ಚಿಕಿತ್ಸೆ. ಒತ್ತಾಯ ಹೇರುವವರಿಗೆ ತಿಳಿಯಬಾರದೆಂದು ಮಾಡಿದ ಈ ಏರ್ಪಾಟಿನಿಂದ ಪಕ್ಷಪಾತಿಗೂ ನಿಷ್ಪಕ್ಷಪಾತಿಗೂ ಒಂದೇ ಮುಸುಕು ದೊರೆಯಿತು. 2016ರಲ್ಲಿ ಆ ಮುಸುಕನ್ನು ತೆಗೆದದ್ದು ತಡವಾದರೂ ಯೋಗ್ಯವಾದ ಕಾರ್ಯ.

ಬೆಲೆಪಟ್ಟಿಯು ಬಂದ ಮೇಲೆ ತರುಣರ ಸಾಹಸಕ್ಕೆ ಪಟ್ಟಿಯೇ ದಿಕ್ಸೂಚಿಯಾಯಿತು. ಸುತ್ತು ಕಾಲು ಭಾಗಕ್ಕಿಂತ ಹೆಚ್ಚು ಕೊರತೆಯಾದರೆ ನಾಲ್ಕು ಸುತ್ತಿನ ಜಿಗಿತವನ್ನು ಮೂರು ಸುತ್ತಿನದೆಂದೇ ಎಣಿಸಿ, ಆ ಕೀಳು ಬೆಲೆಯ ಮೇಲೆ ಮತ್ತೆ ದಂಡ ಹಾಕುತ್ತಿದ್ದ ಮೊದಲ ವರ್ಷಗಳಲ್ಲಿ ನಾಲ್ಕು ಸುತ್ತಿಗೆ ಕೈಹಾಕುವುದೇ ಅವಿವೇಕವಾಯಿತು. 2008ರಲ್ಲಿ ಕೆನಡದ ಜೆಫ್ರಿ ಬಟಲ್, 2009ರಲ್ಲಿ ಅಮೆರಿಕದ ಇವಾನ್ ಲೈಸಾಸೆಕ್ ನಾಲ್ಕು ಸುತ್ತಿನ ಜಿಗಿತವಿಲ್ಲದೆಯೇ ವಿಶ್ವವಿಜೇತರಾದರು. 2010ರ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಈ ವಿವಾದವು ಶಿಖರಕ್ಕೇರಿತು. ಹಿಂದಿನ ಒಲಿಂಪಿಕ್ಸಿನ ವಿಜೇತನಾದ ರಷ್ಯದ ಯೆವ್ಗೆನಿ ಪ್ಲುಷೆಂಕೊ ನಾಲ್ಕು ಸುತ್ತಿನ ಟೋ ಲೂಪಿಗೆ ಮೂರು ಸುತ್ತಿನದನ್ನು ಜೋಡಿಸಿ ಮಾಡಿದನು. ಲೈಸಾಸೆಕ್ ನಾಲ್ಕು ಸುತ್ತಿನ ಗೊಡವೆಗೆ ಹೋಗದೆ, ದಣಿದ ಕಾಲಿನಿಂದ ಮಾಡಿದ ಜಿಗಿತಕ್ಕೆ ನೂರಕ್ಕೆ ಹತ್ತರಂತೆ ಹೆಚ್ಚುವರಿ ದೊರೆಯುತ್ತಿದ್ದುದರಿಂದ ಹೆಚ್ಚಿನ ಜಿಗಿತಗಳನ್ನು ಪ್ರದರ್ಶನದ ಉತ್ತರಾರ್ಧಕ್ಕೆ ಇಟ್ಟುಕೊಂಡು, ಎಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸಿದನು. ಲೈಸಾಸೆಕನಿಗೆ 257.67, ಪ್ಲುಷೆಂಕೊಗೆ 256.36, ಅಂತರವು 1.31. ನಾಲ್ಕು ಸುತ್ತಿಲ್ಲದ ಗೆಲುವು ಪುರುಷರ ಸ್ಕೇಟಿಂಗೇ ಅಲ್ಲವೆಂದು ಪ್ಲುಷೆಂಕೊ ಗುಡುಗಿದನು. ಆತನ ಸಿಟ್ಟಿನಲ್ಲಿ ಅಹಂಕಾರವಿದ್ದಿತು, ಸತ್ಯದ ಅಂಶವೂ ಇದ್ದಿತು. ಆದರೆ ಇಳಿಯುವಾಗ ಅವನು ಪದೇ ಪದೇ ಓರೆಯಾಗಿ ತೂಗಾಡಿದುದನ್ನು ವಿಡಿಯೊ ನೋಡಿದ ಯಾರೂ ಅಲ್ಲಗಳೆಯಲಾರರು. ಅದೇ ವರ್ಷ ಒಕ್ಕೂಟವು ನಾಲ್ಕು ಸುತ್ತಿನ ಟೋ ಲೂಪಿನ ಬೆಲೆಯನ್ನು 9.8ರಿಂದ 10.3ಕ್ಕೆ ಏರಿಸಿತು, ಸ್ವಲ್ಪ ಕೊರತೆಯಾದ ಜಿಗಿತಕ್ಕೆ ಮೂಲಬೆಲೆಯ ನೂರಕ್ಕೆ 70 ಪಾಲನ್ನು ಉಳಿಸಿಕೊಟ್ಟಿತು.

ಪರಿಣಾಮವು ಬೇಗನೆ ಕಂಡುಬಂದಿತು. ಅಮೆರಿಕದ ಬ್ರಾಂಡನ್ ಮ್ರಾಜ್ 2011ರಲ್ಲಿ ನಾಲ್ಕು ಸುತ್ತಿನ ಲುಟ್ಸನ್ನೂ, ಜಪಾನಿನ ಷೊಮಾ ಉನೊ 2016ರ ವಸಂತದಲ್ಲಿ ಫ್ಲಿಪ್ಪನ್ನೂ, ಅದೇ ವರ್ಷದ ಶರತ್ಕಾಲದಲ್ಲಿ ಯುಜುರು ಹನ್ಯು ಲೂಪನ್ನೂ ಮೊದಲ ಬಾರಿಗೆ ಸಾಧಿಸಿದರು. ಆದರೆ ಪಟ್ಟಿಯು ಈಗ ಇನ್ನೊಂದು ಕಡೆಗೆ ವಾಲಿದ್ದಿತು. 2014ರ ಸೋಚಿ ಒಲಿಂಪಿಕ್ಸಿನಲ್ಲಿ ಹನ್ಯು ತನ್ನ ಸ್ವತಂತ್ರ ಪ್ರದರ್ಶನವನ್ನು ನಾಲ್ಕು ಸುತ್ತಿನ ಸಾಲ್‌ಕೋವಿನಿಂದ ಆರಂಭಿಸಿ ಬಿದ್ದನು. ಮುಂದೆ ಮತ್ತೊಮ್ಮೆ ಬಿದ್ದನು. ಆದರೂ ಸ್ವರ್ಣ ಗೆದ್ದನು. ಲೆಕ್ಕ ಹಾಕಿ ನೋಡೋಣ: ಮೂಲಬೆಲೆ 10.5, ಬಿದ್ದುದಕ್ಕೆ ನಿರ್ಣಾಯಕರು ಕಳೆದುದು 3, ಬೀಳುವಿಕೆಯ ಪ್ರತ್ಯೇಕ ದಂಡ 1, ಉಳಿದುದು 6.5. ಅದೇ ಕಾಲದಲ್ಲಿ ಯಾವ ದೋಷವೂ ಇಲ್ಲದೆ ಮಾಡಿದ ಮೂರು ಸುತ್ತಿನ ಲುಟ್ಸಿನ ಮೂಲಬೆಲೆ 6.0. ನೆಲಕ್ಕೆ ಬಿದ್ದವನು ನೆಟ್ಟಗೆ ನಿಂತವನಿಗಿಂತ ಹೆಚ್ಚು ಗಳಿಸುವನೆಂದರೆ ತರುಣರು ಬೀಳುವುದಕ್ಕೆ ಏಕೆ ಅಂಜಿಯಾರು? 2018ರ ಪಿಯಾಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕದ ನೇಥನ್ ಚೆನ್ ಕಿರುಪ್ರದರ್ಶನದಲ್ಲಿ ಕೆಟ್ಟು ಹಿಂದೆ ಬಿದ್ದ ಮೇಲೆ, ಒಂದೇ ಸ್ವತಂತ್ರ ಪ್ರದರ್ಶನದಲ್ಲಿ ನಾಲ್ಕು ಸುತ್ತಿನ ಜಿಗಿತಗಳನ್ನು ಆರು ಸಲ ಮಾಡಿ 215.08 ಅಂಕ ಪಡೆದು ಐದನೆಯ ಸ್ಥಾನಕ್ಕೆ ಏರಿದನು. ಆ ಋತು ಮುಗಿದೊಡನೆ ಒಕ್ಕೂಟವು ಮತ್ತೆ ಪಟ್ಟಿಯನ್ನು ತಿದ್ದಿತು. ಪುರುಷರ ಸ್ವತಂತ್ರ ಪ್ರದರ್ಶನವನ್ನು ನಾಲ್ಕೂವರೆ ನಿಮಿಷದಿಂದ ನಾಲ್ಕಕ್ಕೂ, ಜಿಗಿತಗಳ ಅವಕಾಶವನ್ನು ಎಂಟರಿಂದ ಏಳಕ್ಕೂ ಇಳಿಸಿದರು. ಉತ್ತರಾರ್ಧದ ಹೆಚ್ಚುವರಿಯನ್ನು ಕಡೆಯ ಮೂರು ಜಿಗಿತಗಳಿಗೆ ಮಾತ್ರ ಮೀಸಲಿಟ್ಟರು. ನಿರ್ಣಾಯಕರ ಮೆಚ್ಚುಗೆಯ ಅಳತೆಯನ್ನು ಮೂರು ಮೆಟ್ಟಿಲುಗಳಿಂದ ಐದಕ್ಕೆ ಹಿಗ್ಗಿಸಿ, ಒಂದೊಂದು ಮೆಟ್ಟಿಲಿಗೂ ಮೂಲಬೆಲೆಯ ನೂರಕ್ಕೆ ಹತ್ತು ಪಾಲೆಂದು ಗೊತ್ತುಮಾಡಿದರು. ನಾಲ್ಕು ಸುತ್ತಿನ ಸಾಲ್‌ಕೋವಿನ ಮೂಲಬೆಲೆ 9.7ಕ್ಕೆ ಇಳಿಯಿತು, ಬಿದ್ದವನಿಗೆ ಅದರ ಅರ್ಧವೂ ಮೇಲೊಂದು ಅಂಕವೂ ಹೋಗಿ ಈಗ ಉಳಿಯುವುದು 3.85. ಇದು ನ್ಯಾಯವೆಂದು ನನಗೆ ತೋರುತ್ತದೆ.

ವಿಡಿಯೊ ಬಂದರೂ ಸಾಕ್ಷಿಯು ಪೂರ್ಣವಾಗಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ತಾಂತ್ರಿಕ ಮಂಡಲಿಯು ನೋಡುತ್ತಿದ್ದ ಚಿತ್ರವು ಬಹುಕಾಲ ಒಂದೇ ಕೋನದಿಂದ ತೆಗೆದದ್ದಾಗಿತ್ತು. ಅಂಗಣದ ಆಚೆ ಮೂಲೆಯಲ್ಲಿ ಬೆನ್ನು ತೋರಿಸುತ್ತ ಇಳಿದವನ ಅಲಗು ಕಾಲು ಸುತ್ತು ಹಿಂದೆ ಬಿದ್ದಿತೆ ಎಂಬುದು ಆ ಕೋನದಿಂದ ಹಲವೊಮ್ಮೆ ಕಾಣುತ್ತಿರಲಿಲ್ಲ; ಕ್ಯಾಮೆರಾದ ಎದುರಿಗೆ ಇಳಿದವನ ಕೊರತೆಯಾದರೋ ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ಹಣ ಓಡಾಡುವ ಕ್ರೀಡೆಯಲ್ಲಿ ಎರಡನೆಯ ಕೋನಕ್ಕೆ ಇಷ್ಟು ವರ್ಷ ಜಿಪುಣತನ ಮಾಡಿದುದಕ್ಕೆ ಸಮರ್ಥನೆಯಿಲ್ಲ.

ಪಟ್ಟಿಯಲ್ಲಿ ಬೆಲೆಯಿಲ್ಲದುದರ ಗತಿಗೆ ಹಿಂದುಗಡೆಯ ಪಲ್ಟಿಯು ನಿದರ್ಶನ. 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಟೆರಿ ಕುಬಿಕಾ ಅದನ್ನು ಮಾಡಿದೊಡನೆ, ಅಪಾಯವೆಂದು ಒಕ್ಕೂಟವು ನಿಷೇಧಿಸಿತು; 2024ರಲ್ಲಿ ನಿಷೇಧವನ್ನು ತೆಗೆಯುವವರೆಗೆ ಅದು ಬಹುಮಟ್ಟಿಗೆ ಪ್ರದರ್ಶನ ಮಂದಿರಗಳ ವಿನೋದವಾಗಿಯೇ ಉಳಿಯಿತು.

ಆಕ್ಸೆಲ್ ಜಿಗಿತದ ಕಥೆಯು ಇದಕ್ಕಿಂತ ಗಹನವಾದುದು. ಉಳಿದ ಐದಕ್ಕಿಂತ ಅರ್ಧ ಸುತ್ತು ಹೆಚ್ಚಿರುವುದರಿಂದ ನಾಲ್ಕರ ಆಕ್ಸೆಲೆಂದರೆ ನಾಲ್ಕೂವರೆ ಸುತ್ತು. ಯಾರೂ ಅದನ್ನು ಸಾಧಿಸಿರದಿದ್ದ ಕಾಲದಲ್ಲಿ ಪಟ್ಟಿಯಲ್ಲಿ ಅದಕ್ಕೆ 15.0 ಎಂಬ ಬೆಲೆ ಇದ್ದಿತು. 2018ರಲ್ಲಿ, ಆಗಲೂ ಯಾರೂ ಸಾಧಿಸಿರದಿದ್ದಾಗಲೇ, ಅದನ್ನು 12.5ಕ್ಕೆ ಇಳಿಸಿದರು. ಎರಡು ಒಲಿಂಪಿಕ್ ಸ್ವರ್ಣಗಳನ್ನು ಪಡೆದಿದ್ದ ಹನ್ಯು 2022ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ, ಗೆಲುವಿನ ಲೆಕ್ಕವನ್ನು ಬದಿಗಿಟ್ಟು ಅದಕ್ಕೆ ಕೈಹಾಕಿ, ಸುತ್ತು ಕೊಂಚ ಕೊರತೆಯಾಗಿ ಬಿದ್ದು, ನಾಲ್ಕನೆಯವನಾದನು, ಚೆನ್ 332.60 ಅಂಕಗಳಿಂದ ಸ್ವರ್ಣ ಗೆದ್ದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೇಕ್ ಪ್ಲಾಸಿಡ್ ಎಂಬ ಊರಿನಲ್ಲಿ ಹದಿನೇಳು ವರ್ಷದ ಅಮೆರಿಕದ ಹುಡುಗ ಇಲ್ಯಾ ಮಲೀನಿನ್ ಅದನ್ನು ನಿರ್ದೋಷವಾಗಿ ಇಳಿಸಿದನು. ಪಾಲ್ಸನ್ನನು ವಿಯೆನ್ನಾದಲ್ಲಿ ಒಂದೂವರೆ ಸುತ್ತು ತಿರುಗಿ ಆಗ 140 ವರ್ಷಗಳಾಗಿದ್ದುವು. ಪಟ್ಟಿಯಲ್ಲಿ ಮೂರು ಸುತ್ತಿನ ಲುಟ್ಸಿಗೂ ಮೂರರ ಆಕ್ಸೆಲಿಗೂ ಇರುವ ಅಂತರವು 2.1 ಅಂಕ, ನಾಲ್ಕು ಸುತ್ತಿನ ಲುಟ್ಸಿನ ಬೆಲೆ 11.5 ಆಗಿ, ಜಗತ್ತಿನಲ್ಲಿ ಒಬ್ಬನೇ ಒಬ್ಬನು ಅಂದು ಮಾಡಬಲ್ಲವನಾಗಿದ್ದ ನಾಲ್ಕರ ಆಕ್ಸೆಲಿಗೆ ಅದಕ್ಕಿಂತ ಒಂದು ಅಂಕವನ್ನು ಮಾತ್ರ ಹೆಚ್ಚಾಗಿ ಇಟ್ಟಿದ್ದಾರೆ. ಬೆಲೆ ಕಟ್ಟುವವರು ಮುಂದಿನ ಸಲ ಪಟ್ಟಿಯನ್ನು ತಿದ್ದಲು ಕುಳಿತಾಗ ಮೊದಲು ಈ ಸಾಲನ್ನು ತಿದ್ದಬೇಕು.